ಸದ್ದು ಬಂತು, ಸ್ಥಳ ಯಾವುದು?

ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಒಂದು ಮೆಟಲ್ ಡಿಟೆಕ್ಟರ್ ಕೊಂಡಿದ್ದಾನೆ. ಅಲ್ಲಿಯ ರೈತರೊಬ್ಬರ ಅನುಮತಿ ಪಡೆದು, ರಜಾದಿನಗಳಲ್ಲಿ ಅವರ ಹೊಲದಲ್ಲಿ ಹಳೆಯ ನಾಣ್ಯಗಳನ್ನು ಹುಡುಕುವುದು ಆತನ ಹೊಸ ಹವ್ಯಾಸ. "ಮೇಷ್ಟ್ರೇ, ಯಂತ್ರವೇನೋ ಸದ್ದು ಮಾಡುತ್ತದೆ. ಸದ್ದು ಬಂದಲ್ಲಿ ಅಗೆದರೆ ಮಾತ್ರ ಏನೂ ಇರುವುದಿಲ್ಲ. ವಸ್ತು ಒಂದು ಗೇಣು ಪಕ್ಕದಲ್ಲಿರುತ್ತದೆ. ನೀವು ಕಲಿಸಿದ ಫ್ಯಾರಡೆಯ ನಿಯಮ ಇಲ್ಲಿ ಕೈಕೊಟ್ಟಂತಿದೆ" ಎಂದು ಬರೆದಿದ್ದ.

ಫ್ಯಾರಡೆಯ ನಿಯಮ ಯಾರಿಗೂ ಕೈಕೊಡುವುದಿಲ್ಲ. ವಿದ್ಯುತ್ತು ಹರಿಯುವ ಸುರುಳಿಯ ಕೆಳಗೆ ಕಾಂತಕ್ಷೇತ್ರವು ಸೂಜಿಮೊನೆಯಂತೆ ಇಳಿಯದೆ ಬೋರಲು ಹಾಕಿದ ಬುಟ್ಟಿಯಂತೆ ಹರಡಿರುತ್ತದೆ. ಆ ಬುಟ್ಟಿಯ ಅಂಚಿಗೆ ಲೋಹ ಸಿಕ್ಕರೂ ಸದ್ದು ಬರುತ್ತದೆ. ಆದ್ದರಿಂದ ಯಂತ್ರವು ಮೊದಲು ಹೇಳುವುದು 'ಇದೆ' ಎಂಬ ಒಂದೇ ಮಾತನ್ನು. 'ಇಲ್ಲಿದೆ' ಎಂಬುದನ್ನು ನಾವು ಅದರಿಂದ ಕೇಳಿ ಪಡೆಯಬೇಕು. ಎಡದಿಂದ ಬಲಕ್ಕೆ ಬೀಸಿ, ಸದ್ದು ಏಳುವ ಮತ್ತು ಅಡಗುವ ಬಿಂದುಗಳ ನಡುವೆ ಮನಸ್ಸಿನಲ್ಲೇ ಒಂದು ಗೆರೆ ಎಳೆದುಕೊಳ್ಳಬೇಕು. ಬಳಿಕ ಪಕ್ಕಕ್ಕೆ ಸರಿದು ನಿಂತು, ಮೊದಲಿನ ದಿಕ್ಕಿಗೆ ಅಡ್ಡಲಾಗಿ ಬೀಸಿ ಇನ್ನೊಂದು ಗೆರೆ ಎಳೆಯಬೇಕು. ಎರಡು ಗೆರೆಗಳು ಕೂಡುವಲ್ಲಿ ಅಗೆಯಬೇಕು. ಸದ್ದು ಚುರುಕಾಗಿ ಎದ್ದು ಥಟ್ಟನೆ ನಿಂತರೆ ವಸ್ತು ಬಹುಮಟ್ಟಿಗೆ ಮೇಲೆಯೇ ಇದೆ. ಮೆಲ್ಲಗೆ ಎದ್ದು ಅಗಲವಾಗಿ ಹರಡಿದರೆ ಆಳದಲ್ಲಿದೆ, ಇಲ್ಲವೇ ದೊಡ್ಡದಾಗಿದೆ. ಹಿತ್ತಲಿನಲ್ಲಿ ತಾನೇ ಒಂದು ನಾಣ್ಯ ಹೂತು, ಆಳ ಬದಲಿಸುತ್ತ ಕಿವಿಯನ್ನು ಪಳಗಿಸಿಕೊಳ್ಳುವಂತೆ ಅವನಿಗೆ ಬರೆದೆ. ಜೊತೆಗೆ ಒಂದು ಇತಿಹಾಸವನ್ನೂ ಬರೆದೆ. ಅದನ್ನು ನಿಮಗೆಲ್ಲ ಹೇಳುವುದು ಈ ಲೇಖನದ ಉದ್ದೇಶ.

1881ರ ಜುಲೈ 2ರಂದು ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಚಾರ್ಲ್ಸ್ ಗಿಟೋ ಎಂಬಾತ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡರ ಮೇಲೆ ಎರಡು ಗುಂಡು ಹಾರಿಸಿದ. ಒಂದು ತೋಳನ್ನು ಸವರಿ ಹೋಯಿತು. ಇನ್ನೊಂದು ಬೆನ್ನಿನ ಬಲಭಾಗದಿಂದ ಒಳಹೊಕ್ಕು ದೇಹದಲ್ಲೇ ಉಳಿಯಿತು. ಅಧಿಕಾರ ವಹಿಸಿಕೊಂಡು ಆಗಿನ್ನೂ ನಾಲ್ಕು ತಿಂಗಳು. ಎಕ್ಸ್‌ರೇ ಕಂಡುಹಿಡಿಯಲು ಇನ್ನೂ 14 ವರ್ಷ ಬಾಕಿಯಿತ್ತು. ಗುಂಡು ಎಲ್ಲಿದೆಯೆಂದು ತಿಳಿಯಲು ವೈದ್ಯರಿಗಿದ್ದ ಉಪಾಯ ಗಾಯದೊಳಗೆ ಬೆರಳು ಅಥವಾ ಶಲಾಕೆ ತೂರಿಸುವುದು. ನಿಲ್ದಾಣದ ನೆಲದ ಮೇಲೆಯೇ ಆ ಕೆಲಸ ಪ್ರಾರಂಭವಾಯಿತು, ಅದೂ ತೊಳೆಯದ ಕೈಗಳಿಂದ. ಕ್ರಿಮಿನಾಶಕದ ಅಗತ್ಯವನ್ನು ಜೋಸೆಫ್ ಲಿಸ್ಟರ್ 1876ರಲ್ಲಿ ಫಿಲಡೆಲ್ಫಿಯಾಕ್ಕೇ ಬಂದು ವಿವರಿಸಿ ಹೋಗಿದ್ದರೂ ಅಲ್ಲಿಯ ಹಿರಿಯ ವೈದ್ಯರಲ್ಲಿ ಹಲವರು ಅದನ್ನು ನಂಬಿರಲಿಲ್ಲ.

ಈ ಸುದ್ದಿ ತಿಳಿದು ನೆರವಿಗೆ ಮುಂದಾದವರು ಅಲೆಕ್ಸಾಂಡರ್ ಗ್ರಹಾಂ ಬೆಲ್. ಅವರು ಟೆಲಿಫೋನಿಗೆ ಪೇಟೆಂಟ್ ಪಡೆದು ಐದು ವರ್ಷವಾಗಿತ್ತಷ್ಟೆ. ಡೇವಿಡ್ ಹ್ಯೂಸ್ 1879ರಲ್ಲಿ ಪ್ರೇರಣ ತಕ್ಕಡಿಯೊಂದನ್ನು ರಚಿಸಿದ್ದರು. ಇದರ ತತ್ತ್ವ ಸರಳ: ಒಂದು ಸುರುಳಿಯಲ್ಲಿ ಬಿಟ್ಟು ಬಿಟ್ಟು ವಿದ್ಯುತ್ತು ಹರಿಸಿದರೆ ಪಕ್ಕದ ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆ. ಆ ಪ್ರೇರಣೆಗಳು ಒಂದನ್ನೊಂದು ಹೊಡೆದುಹಾಕುವಂತೆ ಸುರುಳಿಗಳನ್ನು ಹೊಂದಿಸಿದರೆ ಟೆಲಿಫೋನ್ ರಿಸೀವರಿನಲ್ಲಿ ನಿಶ್ಶಬ್ದ. ಲೋಹವೊಂದು ಹತ್ತಿರ ಬಂದರೆ ತಕ್ಕಡಿ ತಪ್ಪಿ ಸದ್ದು ಕೇಳುತ್ತದೆ. ಬೆಲ್ ಮತ್ತು ಅವರ ಸಹಾಯಕ ಸಮ್ನರ್ ಟೇಂಟರ್ ಹಗಲಿರುಳು ದುಡಿದು ಇದನ್ನು ದೇಹದ ಮೇಲೆ ಆಡಿಸಬಹುದಾದ ಉಪಕರಣವನ್ನಾಗಿ ಮಾಡಿದರು. ಮುಷ್ಟಿಯಲ್ಲಿ ಗುಂಡು ಹಿಡಿದು, ಒದ್ದೆ ತೌಡಿನ ಚೀಲದಲ್ಲಿ ಹುದುಗಿಸಿ, ಮಾಂಸದ ತುಂಡಿನಲ್ಲಿ ಇಟ್ಟು, ಕೊನೆಗೆ ಅಂತರ್ಯುದ್ಧದ ಗುಂಡು ಇನ್ನೂ ಮೈಯಲ್ಲಿದ್ದ ಮಾಜಿ ಸೈನಿಕರ ಮೇಲೆ ಪರೀಕ್ಷಿಸಿದರು. ಹಿತ್ತಲಿನಲ್ಲಿ ನಾಣ್ಯ ಹೂಳೆಂದು ನಾನು ಹೇಳಿದ್ದು ಇದೇ ಅಭ್ಯಾಸ.

ಜುಲೈ 26ರ ಸಂಜೆ ಶ್ವೇತಭವನದಲ್ಲಿ ಮೊದಲ ಪ್ರಯೋಗ ನಡೆಯಿತು. ರಿಸೀವರಿನಲ್ಲಿ ಒಂದೇ ಸಮನೆ ಗೊರಗೊರ ಸದ್ದು. ಕಂಡೆನ್ಸರಿನ ಒಂದು ತಂತಿಯನ್ನು ಸರಿಯಾಗಿ ಜೋಡಿಸಿರಲಿಲ್ಲವೆಂಬುದು ಬಳಿಕ ತಿಳಿಯಿತು. ಆಗಸ್ಟ್ 1ರಂದು ಮತ್ತೆ ಹೋದಾಗ ಯಂತ್ರ ಸುಸ್ಥಿತಿಯಲ್ಲಿತ್ತು. ಈ ಸಲ ಹೊಟ್ಟೆಯ ಬಲಭಾಗದಲ್ಲಿ ಕ್ಷೀಣವಾದ, ಅಗಲವಾಗಿ ಹರಡಿದ ಸದ್ದೊಂದು ಕೇಳಿತು. ಒಂದು ಬಿಂದುವಿಗೆ ಕೂಡಿಬರದ ಆ ಸದ್ದು ಬೆಲ್ಲರನ್ನು ಕಾಡಿತು. ಮರುದಿನ ವಿಚಾರಿಸಿದಾಗ, ಮೇಲಿನ ಹಾಸಿಗೆಯ ಕೆಳಗೆ ಉಕ್ಕಿನ ತಂತಿಯಿಂದ ಹೆಣೆದ ಇನ್ನೊಂದು ಹಾಸಿಗೆ ಇದೆಯೆಂದು ಗೊತ್ತಾಯಿತು.

ನಮ್ಮ ಸಾಮಾನ್ಯಜ್ಞಾನದ ಪುಸ್ತಕಗಳು ಕಥೆಯನ್ನು ಇಲ್ಲಿಗೆ ಮುಗಿಸುತ್ತವೆ: ಹಾಸಿಗೆಯ ತಂತಿ ಬೆಲ್ಲರ ಯಂತ್ರವನ್ನು ಕೆಡಿಸಿತು, ಅಧ್ಯಕ್ಷರು ಸತ್ತರು. ನಾನು ಇದನ್ನು ಒಪ್ಪುವುದಿಲ್ಲ. ಬೆಲ್ ಅಂಥದೇ ಇನ್ನೊಂದು ಹಾಸಿಗೆಯನ್ನು ತರಿಸಿ ಪರೀಕ್ಷಿಸಿದರು. ಸದ್ದು ಬಂದ ಜಾಗ ಇಡೀ ಹಾಸಿಗೆಯ ವಿಸ್ತಾರಕ್ಕೆ ಹೋಲಿಸಿದರೆ ತೀರ ಚಿಕ್ಕದಾದ್ದರಿಂದ ಹಾಸಿಗೆಯಿಂದ ಹಾನಿಯಾಗಿರಲಾರದೆಂದು ತಮ್ಮ ವರದಿಯಲ್ಲಿ ಬರೆದರು. ಮುಖ್ಯ ಕಾರಣ ಬೇರೆಯೇ ಇತ್ತೆಂದು ನನ್ನ ಅಭಿಪ್ರಾಯ. ಚಿಕಿತ್ಸೆಯ ಹೊಣೆ ಹೊತ್ತಿದ್ದವರು ವಿಲ್ಲರ್ಡ್ ಬ್ಲಿಸ್. (ತಂದೆತಾಯಿ ಅವರಿಗೆ ಇಟ್ಟ ಹೆಸರೇ 'ಡಾಕ್ಟರ್', ಆ ಪದವಿ ಹುಟ್ಟಿನಿಂದಲೇ ಬಂದದ್ದು!) ಗುಂಡು ಬಲಭಾಗದಲ್ಲೇ ಇದೆಯೆಂದು ಅವರು ಮೊದಲೇ ಸಾರಿಬಿಟ್ಟಿದ್ದರು. ಬೆಲ್ಲರಿಗೆ ಶೋಧಿಸಲು ಅವಕಾಶ ಸಿಕ್ಕಿದ್ದೂ ಆ ಭಾಗದಲ್ಲಿ ಮಾತ್ರ. ಬಂದ ಅಸ್ಪಷ್ಟ ಸದ್ದನ್ನು ವೈದ್ಯರು ತಮ್ಮ ತೀರ್ಮಾನಕ್ಕೆ ಸಮರ್ಥನೆಯಾಗಿ ಬಳಸಿಕೊಂಡರು.

ಗಾರ್‌ಫೀಲ್ಡ್ 79 ದಿನ ನರಳಿ ಸೆಪ್ಟೆಂಬರ್ 19ರಂದು ತೀರಿಕೊಂಡರು. ಮರಣೋತ್ತರ ಪರೀಕ್ಷೆಯಲ್ಲಿ ಗುಂಡು ಬೆನ್ನುಮೂಳೆಯ ಎಡಕ್ಕೆ, ಮೇದೋಜೀರಕ ಗ್ರಂಥಿಯ ಹಿಂದೆ ಸಿಕ್ಕಿತು. ಅದರ ಸುತ್ತ ದೇಹವೇ ಒಂದು ಪೊರೆ ಕಟ್ಟಿತ್ತು. ವೈದ್ಯರು ಗುಂಡಿನ ಹಾದಿಯೆಂದು ತಿಳಿದಿದ್ದ ಬಲಭಾಗದ ಉದ್ದನೆಯ ಪೊಳ್ಳು ಕೀವು ಹರಿದ ದಾರಿಯಾಗಿತ್ತು. ಎಡಭಾಗದಲ್ಲಿ ಶೋಧಿಸಿದ್ದರೂ ಅಷ್ಟು ಆಳದ ಗುಂಡು ಆ ಯಂತ್ರಕ್ಕೆ ನಿಲುಕುತ್ತಿತ್ತೇ ಎಂಬುದು ಸಂದೇಹವೇ. ಆದರೆ 'ಬಲಭಾಗದಲ್ಲಿ ಇಲ್ಲ' ಎಂಬ ಉತ್ತರವನ್ನು ಕೇಳಿಸಿಕೊಳ್ಳುವ ಮನಸ್ಸಿದ್ದಿದ್ದರೆ ಗಾಯವನ್ನು ಮತ್ತೆ ಮತ್ತೆ ಕೆದಕುವುದಾದರೂ ನಿಲ್ಲುತ್ತಿತ್ತು. ಅಧ್ಯಕ್ಷರನ್ನು ಕೊಂದದ್ದು ಗುಂಡಿಗಿಂತ ಹೆಚ್ಚಾಗಿ ನಂಜು ಎಂಬುದು ಇಂದು ಬಹುತೇಕ ಇತಿಹಾಸಕಾರರ ಮತ.

ಎರಡನೆಯ ಮಹಾಯುದ್ಧದಲ್ಲಿ ಇದೇ ತತ್ತ್ವ ಮರುಭೂಮಿಗೆ ಬಂತು. ಪೋಲೆಂಡಿನ ಲೆಫ್ಟಿನೆಂಟ್ ಯೂಸೆಫ್ ಕೊಸಾಟ್ಸ್ಕಿ ಸ್ಕಾಟ್ಲೆಂಡಿನಲ್ಲಿದ್ದಾಗ, 1941-42ರ ಚಳಿಗಾಲದಲ್ಲಿ, ಒಬ್ಬನೇ ಸೈನಿಕ ಹಿಡಿದು ನಡೆಯಬಹುದಾದ ನೆಲಬಾಂಬು ಶೋಧಕವನ್ನು ರೂಪಿಸಿ ಬ್ರಿಟಿಷ್ ಸೈನ್ಯಕ್ಕೆ ಉಚಿತವಾಗಿ ಕೊಟ್ಟರು. ಅದೇ ವರ್ಷದ ಅಕ್ಟೋಬರಿನಲ್ಲಿ ಆರಂಭವಾದ ಎಲ್ ಅಲಮೇನ್ ಕದನದಲ್ಲಿ ಇಂಥ 500 ಯಂತ್ರಗಳು ಬಳಕೆಯಾದವು. ನಮ್ಮ 4ನೆಯ ಭಾರತೀಯ ಡಿವಿಷನ್ ಸಹ ಆ ಕದನದಲ್ಲಿತ್ತು. ಅಲ್ಲಿ ಒಂದು ಗೇಣಿನ ತಪ್ಪಿಗೆ ಬೆಲೆ ಪ್ರಾಣವೇ.

ಇನ್ನು ನನ್ನ ಶಿಷ್ಯನಿರುವ ದೇಶದ್ದೇ ಒಂದು ಪ್ರಸಂಗ. 1992ರ ನವೆಂಬರ್ 16ರಂದು ಸಫೊಕ್ ಪ್ರಾಂತದ ಹಾಕ್ಸನ್ ಎಂಬ ಹಳ್ಳಿಯಲ್ಲಿ ಎರಿಕ್ ಲಾಸ್ ಎಂಬ ನಿವೃತ್ತ ತೋಟಗಾರರು, ರೈತ ಮಿತ್ರನೊಬ್ಬ ಹೊಲದಲ್ಲಿ ಕಳೆದುಕೊಂಡಿದ್ದ ಸುತ್ತಿಗೆಯನ್ನು ಹುಡುಕಲು ಡಿಟೆಕ್ಟರ್ ಹಿಡಿದು ಹೋದರು. ಸಿಕ್ಕಿದ್ದು ರೋಮನ್ ಕಾಲದ ಬೆಳ್ಳಿಯ ಚಮಚಗಳು, ಚಿನ್ನದ ಆಭರಣ, ನಾಣ್ಯಗಳು. ಸ್ವಲ್ಪ ಹೊರತೆಗೆದೊಡನೆ ಅಗೆಯುವುದನ್ನು ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದರು. ನಮ್ಮಲ್ಲಿ ನಿಧಿಯ ಆಸೆಗೆ ಹಾಳು ದೇಗುಲದ ನಂದಿಯನ್ನೇ ಕಿತ್ತೆಸೆಯುವವರನ್ನು ಕುರಿತು ಓದುವಾಗಲೆಲ್ಲ ಈ ಮನುಷ್ಯ ನನಗೆ ನೆನಪಾಗುತ್ತಾರೆ. ಪುರಾತತ್ತ್ವಜ್ಞರು ಮರುದಿನವೇ ಬಂದು ಉತ್ಖನನ ಮಾಡಿದ್ದರಿಂದ, ಮರದ ಪೆಟ್ಟಿಗೆ ಕರಗಿಹೋಗಿದ್ದರೂ ಅದರೊಳಗೆ ಯಾವುದನ್ನು ಎಲ್ಲಿ ಇಟ್ಟಿದ್ದರೆಂಬುದು ಸಹ ತಿಳಿಯಿತು. ಒಟ್ಟು ನಾಣ್ಯಗಳು 14,865. ಅದೆಲ್ಲ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ರೈತನ ಸುತ್ತಿಗೆಯೂ ಕೊನೆಗೆ ಸಿಕ್ಕಿತು. ಅದನ್ನೂ ಮ್ಯೂಸಿಯಮ್ಮಿಗೇ ಕೊಟ್ಟರು.