ಪಿಲ್ಲರ್ ಒಳಗಿನ ರಿಂಗು: 45 ಡಿಗ್ರಿಯ ಒಂದು ಕಥೆ

ಇವತ್ತಿನ ಎಪಿಸೋಡ್ ಶುರು ಮಾಡೋ ಮುಂಚೆ ನಿಮಗೊಂದು ಸಣ್ಣ ಕೆಲಸ ಕೊಡ್ತೀನಿ. ನಾಳೆ ಕಾಲೇಜಿಗೋ ಆಫೀಸಿಗೋ ಹೋಗುವಾಗ ದಾರಿಯಲ್ಲಿ ಎಲ್ಲಾದರೂ ಕಟ್ಟಡದ ಕೆಲಸ ನಡೀತಿದ್ರೆ ಒಂದು ನಿಮಿಷ ನಿಲ್ಲಿ. ಇನ್ನೂ ಕಾಂಕ್ರೀಟ್ ಹಾಕದ ಪಿಲ್ಲರ್ ಕಾಣಿಸಿದ್ರೆ ಅದರ ಕಂಬಿ ನೋಡಿ. ನೇರವಾಗಿ ಮೇಲಕ್ಕೆ ನಿಂತ ದಪ್ಪ ಕಂಬಿಗಳು. ಅವುಗಳ ಸುತ್ತ ಸಣ್ಣ ಕಂಬಿ ಬಾಗಿಸಿ ಮಾಡಿದ ಚೌಕಾಕಾರದ ರಿಂಗುಗಳು. ರಿಂಗಿನ ಎರಡು ತುದಿ ಸೇರೋ ಮೂಲೆ ಇದೆಯಲ್ಲ, ಅಲ್ಲಿ ಆ ತುದಿಗಳು ಎತ್ತ ಬಾಗಿವೆ? ಪಿಲ್ಲರ್‌ನ ಅಂಚಿನ ಗುಂಟ ಸುಮ್ಮನೆ ಮಲಗಿವೆಯಾ? ಅಥವಾ ಓರೆಯಾಗಿ ಒಳಗೆ, ಪಿಲ್ಲರ್‌ನ ನಡುಭಾಗದ ಕಡೆ ನುಗ್ಗಿವೆಯಾ?

ಅಂಚಿನ ಗುಂಟ ಮಲಗಿದ್ದರೆ ಅದು 90 ಡಿಗ್ರಿ ಕೊಕ್ಕೆ. ಒಳಗೆ ನುಗ್ಗಿದ್ದರೆ 135 ಡಿಗ್ರಿ ಕೊಕ್ಕೆ. ವ್ಯತ್ಯಾಸ 45 ಡಿಗ್ರಿ, ಅಷ್ಟೇ. ಈ 45 ಡಿಗ್ರಿ ನಮ್ಮ ದೇಶದ ನಿಯಮದ ಪುಸ್ತಕಕ್ಕೆ ಸೇರಿದ್ದು ಹೇಗೆ, ಪುಸ್ತಕಕ್ಕೆ ಸೇರಿದ ಮೇಲೂ ಪಿಲ್ಲರ್ ಒಳಗೆ ಸೇರೋಕೆ ಯಾಕೆ ಇಷ್ಟು ಕಷ್ಟ ಆಯ್ತು ಅನ್ನೋದು ಇವತ್ತಿನ ಕಥೆ.

ಮೊದಲು ಪುಸ್ತಕದಿಂದ ಶುರು ಮಾಡೋಣ. ಭಾರತದಲ್ಲಿ ಕಾಂಕ್ರೀಟ್ ಕಟ್ಟಡಗಳಿಗೆ ಒಂದು ಮೂಲ ಗ್ರಂಥ ಇದೆ: ಐಎಸ್ 456. ಸಿವಿಲ್ ಎಂಜಿನಿಯರಿಂಗ್ ಓದಿರೋ ಫ್ರೆಂಡ್ ಇದ್ದರೆ ಈ ನಂಬರ್ ಹೇಳಿ ನೋಡಿ, ಪರೀಕ್ಷೆಯ ದಿನಗಳು ನೆನಪಾಗಿ ಮುಖ ಸಣ್ಣದಾಗುತ್ತೆ. ಇವತ್ತಿನ ಬಿಐಎಸ್ ಆಗ ಇಂಡಿಯನ್ ಸ್ಟ್ಯಾಂಡರ್ಡ್ಸ್ ಇನ್‌ಸ್ಟಿಟ್ಯೂಷನ್ ಅನ್ನೋ ಹೆಸರಲ್ಲಿತ್ತು. ಅದು 1953ರಲ್ಲಿ ಈ ಕೋಡ್ ಹೊರತಂತು. ಆಮೇಲೆ 1957, 1964, 1978 ಮತ್ತು 2000ದಲ್ಲಿ ಪರಿಷ್ಕರಣೆ ಆಯ್ತು.

ಪ್ರತಿ ಸಲವೂ ಏನೋ ಒಂದು ಬದಲಾಯ್ತು. 1978ರದ್ದು ದೊಡ್ಡ ಬದಲಾವಣೆ. ಹಳೇ ವಿಧಾನದಲ್ಲಿ ಮಾಮೂಲಿ ಭಾರ ಬಿದ್ದಾಗ ಕಾಂಕ್ರೀಟು, ಕಂಬಿ ಎರಡೂ ಸುರಕ್ಷಿತ ಮಿತಿಯೊಳಗೆ ಇವೆಯಾ ಅಂತ ನೋಡ್ತಿದ್ರು. ಹೊಸ ವಿಧಾನ ಬೇರೆ ಪ್ರಶ್ನೆ ಕೇಳ್ತು: ಇದು ಯಾವ ಹಂತದಲ್ಲಿ ಮುರಿಯುತ್ತೆ? ಮುರಿಯೋಕೂ ಮುಂಚೆ ಯಾವ ಹಂತದಲ್ಲಿ ಬಿರುಕು ಬಿಟ್ಟು, ಬಾಗಿ, ಬಳಸೋಕೆ ಆಗದ ಹಾಗಾಗುತ್ತೆ? ಇದಕ್ಕೆ ಲಿಮಿಟ್ ಸ್ಟೇಟ್ ವಿಧಾನ ಅಂತಾರೆ. 2000ದ ಆವೃತ್ತಿ ಬಾಳಿಕೆಗೆ ಒತ್ತು ಕೊಡ್ತು. ಕಂಬಿ ಹಾಕಿದ ಕಾಂಕ್ರೀಟಿಗೆ ಕನಿಷ್ಠ ದರ್ಜೆ ಎಂ15 ಇದ್ದದ್ದು ಎಂ20 ಆಯ್ತು. ಕಡಲತೀರದಲ್ಲಿ ಕಟ್ಟೋರು ಕಂಬಿಯ ಮೇಲೆ ಹೆಚ್ಚು ಕಾಂಕ್ರೀಟ್ ಹೊದಿಸಬೇಕು ಅನ್ನೋ ಥರದ ನಿಯಮಗಳು ಬಿಗಿಯಾದವು.

ಆದರೆ ರಿಂಗಿನ ತುದಿಯ ವಿಷಯದಲ್ಲಿ ಐಎಸ್ 456 ಧಾರಾಳಿ. 90 ಡಿಗ್ರಿ ಬಾಗಿಸಿ, ಕಂಬಿಯ ದಪ್ಪದ ಎಂಟು ಪಟ್ಟು ಮುಂದೆ ಬಿಟ್ಟರೆ ಸಾಕು ಅನ್ನುತ್ತೆ. ದಿನನಿತ್ಯದ ಭಾರಕ್ಕೆ ಅದು ಸಾಕೂ ಹೌದು. ತೊಂದರೆ ಇರೋದು ನೆಲ ಅಲುಗಾಡೋ ದಿನ.

ಅಂಥ ಒಂದು ದಿನ ನೋಡೋಕೆ ಸ್ವಲ್ಪ ಹೊತ್ತು ಅಮೆರಿಕಕ್ಕೆ ಹೋಗಿ ಬರೋಣ. 1971ರ ಫೆಬ್ರವರಿ 9, ಬೆಳಗ್ಗೆ ಆರು ಗಂಟೆ. ಲಾಸ್ ಏಂಜಲೀಸ್ ಹತ್ತಿರದ ಸ್ಯಾನ್ ಫರ್ನಾಂಡೋ ಕಣಿವೆಯಲ್ಲಿ 6.6 ತೀವ್ರತೆಯ ಭೂಕಂಪ. ಅಲ್ಲಿ ಆಲಿವ್ ವ್ಯೂ ಅನ್ನೋ ಆಸ್ಪತ್ರೆಯ ಹೊಸ ಕಾಂಕ್ರೀಟ್ ಕಟ್ಟಡ ಇತ್ತು. ಹಳೇ ಕಟ್ಟಡ ಆಗಿದ್ರೆ ಯಾರೂ ಆಶ್ಚರ್ಯಪಡ್ತಿರಲಿಲ್ಲ. ಇದು ಆಗಿನ ಕೋಡ್ ಪ್ರಕಾರವೇ ಕಟ್ಟಿದ್ದು. ಅದರ ನೆಲಮಹಡಿ ಒಂದು ಪಕ್ಕಕ್ಕೆ ವಾಲಿಬಿಡ್ತು, ಕೊನೆಗೆ ಕಟ್ಟಡವನ್ನ ಕೆಡವಬೇಕಾಯ್ತು.

ಎಂಜಿನಿಯರುಗಳು ಪಿಲ್ಲರ್‌ಗಳನ್ನ ಪರೀಕ್ಷೆ ಮಾಡಿದಾಗ ಒಂದು ವಿಷಯ ಕಣ್ಣಿಗೆ ಹೊಡೀತು. ಒಂದೇ ಕಟ್ಟಡದಲ್ಲಿ ಎರಡು ಥರದ ಪಿಲ್ಲರ್ ಇದ್ದವು. ಮೂಲೆಯ ಪಿಲ್ಲರ್‌ಗಳಲ್ಲಿ ಬಿಡಿ ರಿಂಗುಗಳು, ಅವು ಪುಡಿಪುಡಿ. ಉಳಿದವುಗಳಲ್ಲಿ ಸ್ಪ್ರಿಂಗ್ ಥರ ಒತ್ತೊತ್ತಾಗಿ ಸುತ್ತಿದ ಸುರುಳಿ ಕಂಬಿ. ಅವುಗಳ ಮೇಲಿನ ಕಾಂಕ್ರೀಟ್ ಉದುರಿತ್ತು, ಪಿಲ್ಲರೇ ವಾಲಿತ್ತು, ಆದರೂ ಮೇಲಿನ ಮಹಡಿಗಳನ್ನ ಹೊತ್ತು ನಿಂತಿದ್ದವು. ಅದೇ ವರ್ಷ ಅಮೆರಿಕದ ಕಾಂಕ್ರೀಟ್ ಕೋಡ್ ಎಸಿಐ 318ರ ಹೊಸ ಆವೃತ್ತಿ ಬಂತು. ಭೂಕಂಪಕ್ಕೆಂದೇ ವಿಶೇಷ ನಿಯಮಗಳನ್ನ ಅದರ ಅನುಬಂಧದಲ್ಲಿ ಸೇರಿಸಿದ್ದರು. ಈ ನಿಯಮಗಳ ಹಿಂದಿನ ಚಿಂತನೆ ಹತ್ತು ವರ್ಷಕ್ಕೂ ಹಳೇದು. ಆಲಿವ್ ವ್ಯೂ ಅದಕ್ಕೆ ಕಣ್ಣೆದುರಿನ ಸಾಕ್ಷಿ ಆಯ್ತು.

ಯಾಕೆ ಹೀಗಾಗುತ್ತೆ? ಮೂಟೆ ನೆನಪಿಸಿಕೊಳ್ಳಿ. ಗೋಣಿಚೀಲದಲ್ಲಿ ರಾಗಿ ತುಂಬಿ ಬಾಯಿ ಬಿಗಿಯಾಗಿ ಹೊಲಿದರೆ ಮೂಟೆ ಮೇಲೆ ಮೂಟೆ ಪೇರಿಸಬಹುದು. ಹೊಲಿಗೆ ಬಿಚ್ಚಿದ್ರೆ ಅದೇ ರಾಗಿ ನೆಲದ ಪಾಲು. ಪಿಲ್ಲರ್ ಒಳಗಿನ ಕಾಂಕ್ರೀಟೂ ಹಾಗೇ. ಭೂಕಂಪದಲ್ಲಿ ಅದು ಬಿರುಕು ಬಿಡುತ್ತೆ, ತಪ್ಪಿಸೋಕೆ ಆಗಲ್ಲ. ಬಿರುಕು ಬಿಟ್ಟ ಕಾಂಕ್ರೀಟನ್ನ ಹಿಡಿದಿಟ್ಟುಕೊಳ್ಳೋದು ರಿಂಗಿನ ಕೆಲಸ. 90 ಡಿಗ್ರಿ ಕೊಕ್ಕೆಯ ತುದಿ ಇರೋದು ಪಿಲ್ಲರ್‌ನ ಹೊರ ಪದರದಲ್ಲಿ. ಕಟ್ಟಡ ಅಲುಗಾಡಿದಾಗ ಮೊದಲು ಉದುರೋದೇ ಆ ಪದರ. ಅದು ಉದುರಿದ ಮೇಲೆ ಕೊಕ್ಕೆಗೆ ಹಿಡಿತ ಎಲ್ಲಿ? ರಿಂಗು ಬಿಚ್ಚಿಕೊಳ್ಳುತ್ತೆ, ಉದ್ದ ಕಂಬಿಗಳು ಹೊರಗೆ ಬಾಗುತ್ತವೆ, ಒಳಗಿನ ಕಾಂಕ್ರೀಟ್ ಚೆಲ್ಲುತ್ತೆ. 135 ಡಿಗ್ರಿ ಕೊಕ್ಕೆಯ ತುದಿ ಒಳಗಿನ ಗಟ್ಟಿ ಭಾಗದಲ್ಲೇ ಹೂತಿರುತ್ತೆ. ಹೊರಗಿನದು ಉದುರಿದರೂ ಅದು ಬಿಡಲ್ಲ. ಕಟ್ಟಡ ಹಾಳಾಗಬಹುದು, ಆದರೆ ನೀವು ಹೊರಗೆ ಓಡೋಕೆ ಟೈಮ್ ಸಿಗುತ್ತೆ.

ಈಗ ಭಾರತಕ್ಕೆ ವಾಪಸ್ ಬರೋಣ. ನಮ್ಮಲ್ಲಿ ಐಎಸ್ 4326 ಅನ್ನೋ ಭೂಕಂಪ ನಿರೋಧಕ ಕಟ್ಟಡಗಳ ಕೋಡ್‌ನ 1976ರ ಆವೃತ್ತಿಯಲ್ಲಿ ಇಂಥ ಕೆಲವು ವಿವರಗಳಿದ್ದವು. 1993ರಲ್ಲಿ ಅವನ್ನ ಬೇರೆ ಮಾಡಿ, ಬೆಳೆಸಿ, ಐಎಸ್ 13920 ಅನ್ನೋ ಹೊಸ ಕೋಡ್ ಮಾಡಿದರು. 135 ಡಿಗ್ರಿ ಕೊಕ್ಕೆ ಸ್ಪಷ್ಟವಾಗಿ ಬಂತು. ಪಿಲ್ಲರ್‌ನ ತುದಿಗಳ ಹತ್ತಿರ ರಿಂಗುಗಳ ನಡುವಿನ ಅಂತರ 100 ಮಿಲಿಮೀಟರ್ ಮೀರಬಾರದು ಅಂತಲೂ ಬಂತು. ಐಎಸ್ 456ರಲ್ಲಿ ಈ ಅಂತರ 300 ಮಿಲಿಮೀಟರ್‌ವರೆಗೂ ಹೋಗಬಹುದು.

ಆದರೆ ಈ ಕೋಡ್ ಯಾರಿಗೆ ಅನ್ವಯ? ಅಪಾಯ ಹೆಚ್ಚಿರೋ 4 ಮತ್ತು 5ನೇ ವಲಯದ ಎಲ್ಲರಿಗೂ. 3ನೇ ವಲಯದಲ್ಲಿ ಮುಖ್ಯ ಕಟ್ಟಡಗಳು, ಕೈಗಾರಿಕಾ ಕಟ್ಟಡಗಳು ಮತ್ತು ಐದು ಮಹಡಿಗಿಂತ ಎತ್ತರದ ಕಟ್ಟಡಗಳಿಗೆ ಮಾತ್ರ. ಈ 'ಐದಕ್ಕಿಂತ ಎತ್ತರ' ಅನ್ನೋದನ್ನ ಸ್ವಲ್ಪ ಮನಸ್ಸಲ್ಲಿ ಇಟ್ಟುಕೊಂಡಿರಿ.

ಅದೇ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಬೀದರ್, ಕಲಬುರಗಿ ಗಡಿಯಾಚೆ ಕಿಲ್ಲಾರಿ ಭೂಕಂಪ ಆಯ್ತು. ಸಾವಿರಾರು ಜನ ಸತ್ತರು. ಅಲ್ಲಿ ಬಿದ್ದವು ಹೆಚ್ಚಾಗಿ ಕಲ್ಲು–ಮಣ್ಣಿನ ಮನೆಗಳು, ಕಾಂಕ್ರೀಟ್ ಅಲ್ಲ. ಆದರೆ ಆಗಿನ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು 1ನೇ ವಲಯದಲ್ಲಿ, ಅಂದ್ರೆ ಅತಿ ಕಡಿಮೆ ಅಪಾಯದ ಜಾಗದಲ್ಲಿ. ನಕ್ಷೆಯೂ ತಪ್ಪಬಹುದು ಅಂತ ಆವತ್ತು ಗೊತ್ತಾಯ್ತು.

ಮುಂದಿನದು 2001ರ ಜನವರಿ 26. ಗಣರಾಜ್ಯೋತ್ಸವದ ಬೆಳಗ್ಗೆ 8 ಗಂಟೆ 46 ನಿಮಿಷ. ಗುಜರಾತಿನ ಕಛ್‌ನಲ್ಲಿ ಭೂಕಂಪ. ಭುಜ್, ಭಚಾವ್ ನೆಲಸಮ ಆದವು. ದೇಶ ಇನ್ನೂ ಬೆಚ್ಚಿದ್ದು ಅಹಮದಾಬಾದ್ ಸುದ್ದಿ ಕೇಳಿ. ಭೂಕಂಪದ ಕೇಂದ್ರದಿಂದ 200 ಕಿಲೋಮೀಟರಿಗೂ ಹೆಚ್ಚು ದೂರದ ಊರು ಅದು. ಅಲ್ಲಿ ಹತ್ತಾರು ಅಪಾರ್ಟ್‌ಮೆಂಟ್‌ಗಳು ಕುಸಿದವು, ನೂರಾರು ಜನ ಸತ್ತರು. ಬಿದ್ದ ಕಟ್ಟಡಗಳಲ್ಲಿ ಬಹಳಷ್ಟು ಒಂದೇ ಮಾದರಿಯವು: ಕೆಳಗೆ ಗೋಡೆಯೇ ಇಲ್ಲದ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ ಮನೆಗಳು. ಪರಿಶೀಲಿಸಿದವರಿಗೆ ಕಂಡದ್ದು ದೂರ ದೂರ ಕಟ್ಟಿದ ರಿಂಗುಗಳು, ಬಿಚ್ಚಿಕೊಂಡ 90 ಡಿಗ್ರಿ ಕೊಕ್ಕೆಗಳು.

ಅಹಮದಾಬಾದ್ ಇದ್ದದ್ದು 3ನೇ ವಲಯದಲ್ಲಿ. ಪಾರ್ಕಿಂಗ್ ಒಂದು, ಮನೆ ನಾಲ್ಕು. ಒಟ್ಟು ಐದು. 'ಐದಕ್ಕಿಂತ ಎತ್ತರ' ಅನ್ನೋ ಸಾಲಿನ ಒಂದೇ ಮೆಟ್ಟಿಲು ಕೆಳಗೆ! ಇನ್ನೂ ಎತ್ತರದ ಕಟ್ಟಡಗಳೂ ಬಿದ್ದವು. ಅವಕ್ಕೆ ಕೋಡ್ ಅನ್ವಯ ಆಗ್ತಿತ್ತು, ಆದರೆ ಕೇಳೋರು ಇರಲಿಲ್ಲ. ಯಾಕಂದ್ರೆ ಬಿಐಎಸ್ ಕೋಡ್ ತಾನಾಗೇ ಕಾನೂನಲ್ಲ. ರಾಜ್ಯವೋ ನಗರಪಾಲಿಕೆಯೋ ತನ್ನ ಬೈಲಾದಲ್ಲಿ ಸೇರಿಸಿಕೊಂಡರೆ ಮಾತ್ರ ಅದಕ್ಕೆ ಹಲ್ಲು ಬರುತ್ತೆ.

2002ರಲ್ಲಿ ಎರಡು ಬದಲಾವಣೆ ಆದವು. ನಕ್ಷೆಯಿಂದ 1ನೇ ವಲಯವನ್ನೇ ತೆಗೆದುಹಾಕಿದರು. ಐಎಸ್ 13920ರಿಂದ ಆ 'ಐದಕ್ಕಿಂತ ಎತ್ತರ' ಅನ್ನೋ ಷರತ್ತು ಹೋಯ್ತು. 3, 4, 5ನೇ ವಲಯದ ಎಲ್ಲ ಕಾಂಕ್ರೀಟ್ ಕಟ್ಟಡಗಳಿಗೂ ಅದು ಬೇಕು ಅಂತಾಯ್ತು. ಆ ನಕ್ಷೆಯ ಪ್ರಕಾರ ಮಂಗಳೂರು, ಕಾರವಾರ, ಬೆಳಗಾವಿ, ಧಾರವಾಡ 3ನೇ ವಲಯ. ಬೆಂಗಳೂರು 2ನೇ ವಲಯ. ಐಎಸ್ 13920ರ 2016ರ ಪರಿಷ್ಕರಣೆ 2ನೇ ವಲಯಕ್ಕೆ ಇದನ್ನ ಐಚ್ಛಿಕ ಅಂತ ಬಿಟ್ಟಿತು.

ಐಚ್ಛಿಕ ಅಂದ ತಕ್ಷಣ ಖರ್ಚಿನ ಮಾತು ಬರುತ್ತೆ. ಲೆಕ್ಕ ಹಾಕೋಣ. ರಿಂಗಿಗೆ ಬಳಸೋ 8 ಮಿಲಿಮೀಟರ್ ಕಂಬಿ ತಗೊಳ್ಳಿ. ಐಎಸ್ 456 ಪ್ರಕಾರ 90 ಡಿಗ್ರಿ ಕೊಕ್ಕೆಗೆ ಮುಂದೆ ಬಿಡಬೇಕಾದ ಉದ್ದ ಎಂಟು ಪಟ್ಟು, ಅಂದ್ರೆ 64 ಮಿಲಿಮೀಟರ್. 2016ರ ಕೋಡ್ ಪ್ರಕಾರ 135 ಡಿಗ್ರಿ ಕೊಕ್ಕೆಗೆ ಕನಿಷ್ಠ 65 ಮಿಲಿಮೀಟರ್. ವ್ಯತ್ಯಾಸ ಒಂದು ಮಿಲಿಮೀಟರ್! ಬಾಗಿಸೋ ಜಾಗದಲ್ಲಿ ಇನ್ನು ಚೂರು ಕಂಬಿ ಹೋಗಬಹುದು. ನಿಜವಾದ ಖರ್ಚು ಕಂಬಿ ಕೆಲಸದವರ ಕೈಯದು. ತುದಿ ಒಳಗೆ ಚಾಚಿರೋ ರಿಂಗನ್ನ ಉದ್ದ ಕಂಬಿಗಳಿಗೆ ತೊಡಿಸೋದು ಕಷ್ಟ, ಟೈಮ್ ಹಿಡಿಯುತ್ತೆ. ಆ ಟೈಮಿಗೆ ದುಡ್ಡು ಕೊಡೋಕೆ ಯಾರೂ ತಯಾರಿಲ್ಲದೇ ಇದ್ದಾಗ ಕೊಕ್ಕೆ 90ಕ್ಕೇ ನಿಲ್ಲುತ್ತೆ.

ಇನ್ನೊಂದು ಮಾತು. ನಿಮ್ಮ ಫೋನಿಗೆ ಅಪ್‌ಡೇಟ್ ಬಂದ್ರೆ ರಾತ್ರಿ ಚಾರ್ಜಿಗೆ ಹಾಕಿ ಮಲಗಿದ್ರೆ ಸಾಕು. ಕಟ್ಟಡಕ್ಕೆ ಹಾಗೆ ಅಪ್‌ಡೇಟ್ ಬರೋದಿಲ್ಲ. 1995ರಲ್ಲಿ ಕಟ್ಟಿದ ಅಪಾರ್ಟ್‌ಮೆಂಟ್ ಇವತ್ತಿಗೂ 1995ರ ರಿಂಗಿನ ಮೇಲೇ ನಿಂತಿದೆ. ನೀವಿರೋ ಪಿಜಿಯೂ ಅಷ್ಟೇ. ಹಳೇ ಪಿಲ್ಲರ್ ಸುತ್ತ ಹೊಸ ಕಂಬಿ ಕಟ್ಟಿ ಕಾಂಕ್ರೀಟ್ ಹೊದಿಸೋ ಜಾಕೆಟಿಂಗ್ ಅನ್ನೋ ವಿಧಾನ ಇದೆ. ಹಳೇ ಕಟ್ಟಡಗಳನ್ನ ಪರೀಕ್ಷಿಸಿ ಬಲಪಡಿಸೋಕೆಂದೇ 2013ರಲ್ಲಿ ಐಎಸ್ 15988 ಅನ್ನೋ ಕೋಡ್ ಕೂಡ ಬಂದಿದೆ. ಆದರೆ ಅದು ಖರ್ಚಿನ ಕೆಲಸ, ಮೊದಲೇ ಸರಿಯಾಗಿ ಬಾಗಿಸೋದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಹಾಗಾಗಿ ಶುರುವಿನಲ್ಲಿ ಹೇಳಿದ ಕೆಲಸ ಮರೀಬೇಡಿ. ನಿಮ್ಮ ಮನೆಯೋ, ಅಣ್ಣನ ಮನೆಯೋ, ಊರಲ್ಲಿ ಅಪ್ಪ ಕಟ್ಟಿಸ್ತಿರೋ ಮನೆಯೋ, ಪಿಲ್ಲರ್‌ಗೆ ಕಾಂಕ್ರೀಟ್ ಹಾಕೋ ಹಿಂದಿನ ದಿನ ಒಮ್ಮೆ ಹೋಗಿ. ಈ ಕೋಡ್‌ಗಳು ಬಿಐಎಸ್ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಫೋನಲ್ಲೇ ತೆಗೆದು ತೋರಿಸಬಹುದು. ಮೇಸ್ತ್ರಿ ಹತ್ತಿರ ಜಗಳ ಬೇಡ, "ಅಣ್ಣಾ, ರಿಂಗಿನ ತುದಿ ಒಳಗೆ ಬಾಗಿಸ್ತೀರಾ?" ಅಂತ ಕೇಳಿ. ಮಾರನೇ ದಿನ ಕಾಂಕ್ರೀಟ್ ಬಿದ್ದ ಮೇಲೆ ಆ ಪ್ರಶ್ನೆ ಕೇಳೋಕೆ ಅಲ್ಲಿ ಏನೂ ಕಾಣಿಸಲ್ಲ.