ದುಬೈ–ಅಬುಧಾಬಿ: ನೂರ ನಲವತ್ತು ಕಿಲೋಮೀಟರಿನ ಇತಿಹಾಸ

ಊರಿನಿಂದ ಮೊದಲ ಸಲ ಬರುವ ನೆಂಟರಲ್ಲಿ ಹಲವರು ಕೇಳುತ್ತಾರೆ: ದುಬೈಯಿಂದ ಅಬುಧಾಬಿಗೆ ವಿಮಾನದಲ್ಲಿ ಎಷ್ಟು ಹೊತ್ತು? ಎರಡು ವಿಮಾನ ನಿಲ್ದಾಣಗಳ ನಡುವೆ ನೇರ ಅಂತರ ಸುಮಾರು 115 ಕಿ.ಮೀ. ಆಕಾಶದಲ್ಲಿ ಕಾಲು ಗಂಟೆಯ ಹಾದಿ. ಆದರೆ ಚೆಕ್-ಇನ್, ತಪಾಸಣೆ, ಕಾಯುವಿಕೆ ಸೇರಿಸಿದರೆ ಕಾರಿನವನೇ ಮೊದಲು ತಲುಪುತ್ತಾನೆ. ರಸ್ತೆಯಲ್ಲಿ ಸುಮಾರು 140 ಕಿ.ಮೀ., ದಟ್ಟಣೆ ಇಲ್ಲದಿದ್ದರೆ ಒಂದೂವರೆ ಗಂಟೆ. ಹೆಚ್ಚುಕಡಿಮೆ ನಮ್ಮ ಬೆಂಗಳೂರು–ಮೈಸೂರಿನಷ್ಟು ದೂರ.

ಈ ಒಂದೂವರೆ ಗಂಟೆ ಮಾತ್ರ ಇತ್ತೀಚಿನದು. ಅಬುಧಾಬಿ ಒಂದು ದ್ವೀಪ ಎಂಬುದು ಸೇತುವೆ ದಾಟುವಾಗ ನಮಗೆ ನೆನಪೇ ಆಗುವುದಿಲ್ಲ. ಹಿಂದೆ ಸಮುದ್ರದ ಉಬ್ಬರ ಇಳಿದಾಗ ಮಖ್ತಾ ಎಂಬಲ್ಲಿ ನೀರಿನಲ್ಲೇ ನಡೆದು ದಾಟಬೇಕಿತ್ತು. ಆ ದಾರಿಯನ್ನು ಕಾಯುತ್ತಿದ್ದ ಕಾವಲು ಗೋಪುರ ಇಂದಿಗೂ ಸೇತುವೆಯ ಪಕ್ಕ ನೀರಿನ ನಡುವೆ ನಿಂತಿದೆ. 1950ರ ದಶಕದ ಆರಂಭದಲ್ಲಿ ಅಲ್ಲಿ ನೀರಿಗೆ ಅಡ್ಡಲಾಗಿ ಏರಿ ಕಟ್ಟಿದರು. ದಾಟಿದ ಮೇಲೂ ಸುಖವಿರಲಿಲ್ಲ. ಮುಂದೆ ಸಬ್ಖಾ, ಅಂದರೆ ಉಪ್ಪಿನ ಬಯಲು. ಒಣಗಿದ್ದರೆ ಗಾಡಿ ಓಡುತ್ತದೆ, ನಾಲ್ಕು ಹನಿ ಮಳೆ ಬಿದ್ದರೆ ಚಕ್ರ ಹೂತುಹೋಗುತ್ತದೆ. ಎಷ್ಟು ಹೊತ್ತಿನ ಪ್ರಯಾಣ ಎಂದು ಹೊರಡುವ ಮೊದಲೇ ಹೇಳುವಂತಿರಲಿಲ್ಲ.

ಆ ಕಾಲಕ್ಕೆ ಸಣ್ಣ ದೂರಕ್ಕೂ ವಿಮಾನಕ್ಕೆ ಅರ್ಥವಿತ್ತು. ದುಬೈ ವಿಮಾನ ನಿಲ್ದಾಣ ತೆರೆದದ್ದು 1960ರ ಸೆಪ್ಟೆಂಬರ್ 30ರಂದು. ಗಟ್ಟಿಯಾಗಿ ಒತ್ತಿದ ಮರಳೇ ರನ್‌ವೇ, ಉದ್ದ 1,800 ಮೀಟರ್. ಡಾಂಬರು ಬಂದದ್ದು 1965ರಲ್ಲಿ. ಗಲ್ಫ್ ಏವಿಯೇಶನ್‌ನ ಚಿಕ್ಕ ವಿಮಾನಗಳು ಕೊಲ್ಲಿಯ ಊರುಗಳನ್ನು ಜೋಡಿಸುತ್ತಿದ್ದವು. ಮುಂಬಯಿಯಿಂದ 'ದ್ವಾರಕಾ', 'ದುಮ್ರಾ' ಹಡಗುಗಳಲ್ಲಿ ಬಂದಿಳಿಯುತ್ತಿದ್ದ ಸಾಮಾನ್ಯ ಕೆಲಸಗಾರನಿಗೆ ಆ ಟಿಕೆಟ್ಟು ಎಟಕುತ್ತಿತ್ತೇ? ಅವನ ಪಾಲಿಗೆ ಉಪ್ಪಿನ ಬಯಲೇ ಗತಿ.

1968ರ ಜನವರಿಯಲ್ಲಿ ಬ್ರಿಟನ್ ತಾನು 1971ರೊಳಗೆ ಕೊಲ್ಲಿಯಿಂದ ಹೊರಡುವುದಾಗಿ ಘೋಷಿಸಿತು. ಫೆಬ್ರವರಿ 18ರಂದು ಅಬುಧಾಬಿಯ ಶೇಖ್ ಜಾಯೆದ್ ಮತ್ತು ದುಬೈಯ ಶೇಖ್ ರಶೀದ್ ಭೇಟಿಯಾಗಿ ಒಕ್ಕೂಟಕ್ಕೆ ಒಪ್ಪಿದರು. ಭೇಟಿ ನಡೆದದ್ದು ಅರಮನೆಯಲ್ಲಲ್ಲ; ಎರಡೂ ಊರುಗಳ ನಡುವಿನ ಮರುಭೂಮಿಯ ಸಮೀಹ್ ಎಂಬಲ್ಲಿ. ಅದೇ ವರ್ಷ ಮಖ್ತಾ ಸೇತುವೆಯೂ ತೆರೆಯಿತು. ಈ ಎರಡನ್ನೂ ಒಟ್ಟಿಗೇ ಓದಬೇಕೆಂಬುದು ನನ್ನ ವಾದ. ಮಳೆ ಬಂದರೆ ಮುಚ್ಚಿಹೋಗುವ ದಾರಿಯ ಎರಡು ತುದಿಗಳಲ್ಲಿ ಪ್ರಮುಖ ನಗರಗಳನ್ನಿಟ್ಟುಕೊಂಡು ಒಂದು ದೇಶ ನಡೆಯುವುದು ಕಷ್ಟ. 1971ರ ಡಿಸೆಂಬರ್ 2ರಂದು ದೇಶ ಹುಟ್ಟಿತು; ಆ ದಶಕದಲ್ಲೇ ಹೆದ್ದಾರಿಯೂ ಬೆಳೆಯಿತು. 1982ರಲ್ಲಿ ಅಬುಧಾಬಿಯ ಹೊಸ ವಿಮಾನ ನಿಲ್ದಾಣ ದ್ವೀಪದ ಹೊರಗೆ, ದುಬೈ ದಿಕ್ಕಿಗೇ ಬಂತು. ಊರಿಗೆ ಹೋಗುವಾಗ ಎಲ್ಲಿ ಟಿಕೆಟ್ ಅಗ್ಗವೋ ಆ ನಿಲ್ದಾಣಕ್ಕೆ ನಾವು ಕಾರು ತಿರುಗಿಸುವುದು ಈ ರಸ್ತೆಯ ಕೃಪೆ.

ವೇಗಕ್ಕೆ ಬೆಲೆಯೂ ಇದೆ. 2008ರ ಮಾರ್ಚ್ 11ರ ಮುಂಜಾನೆ ಗಂಟೂಟ್ ಬಳಿ ದಟ್ಟ ಮಂಜಿನಲ್ಲಿ ಸುಮಾರು 200 ವಾಹನಗಳು ಒಂದಕ್ಕೊಂದು ಗುದ್ದಿ, ಸಾವುನೋವು ಸಂಭವಿಸಿತು. ಅಬುಧಾಬಿ ಭಾಗದಲ್ಲಿ 140ರವರೆಗೆ ಓಡಬಹುದಾದ ರಸ್ತೆ. ಮಂಜು ಕವಿದರೆ ಫಲಕ 80 ಎನ್ನುತ್ತದೆ. ದುಬೈಯಲ್ಲಿ ಮನೆ, ಅಬುಧಾಬಿಯಲ್ಲಿ ಕೆಲಸ ಇರುವ ನಮ್ಮ ಸದಸ್ಯರು ಚಳಿಗಾಲದಲ್ಲಿ ಆ ಫಲಕಕ್ಕೆ ಬೆಲೆ ಕೊಡಲಿ, ಕಚೇರಿಗೆ ತಡವಾದರೆ ಆಗಲಿ.

ಇತಿಹಾದ್ ರೈಲಿನವರು ಈಗ 57 ನಿಮಿಷ ಎಂದು ಘೋಷಿಸಿದ್ದಾರೆ. ನಿಲ್ದಾಣದಿಂದ ಮನೆಗೆ ಎಷ್ಟು ಎಂಬುದನ್ನು ಮಾತ್ರ ಅವರವರೇ ಲೆಕ್ಕ ಹಾಕಿಕೊಳ್ಳಬೇಕು.