ಮನೆಯಲ್ಲಿ ಯಾರಿಗೆ ಯಾವ ಆರೋಗ್ಯ ವಿಮೆ? ಬಿನ್ನಿಪೇಟೆಯ ಕೂಡು ಕುಟುಂಬದ ಲೆಕ್ಕ

ಬಿನ್ನಿಪೇಟೆಗೆ ಹೆಸರು ತಂದ ಗಿರಣಿ ಈಗಿಲ್ಲ. 1884ರಲ್ಲಿ ಆರಂಭವಾದ ಬೆಂಗಳೂರು ಉಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಇದ್ದ ಕಡೆ ಇಂದು ಬಹುಮಹಡಿ ಮನೆಗಳು ಎದ್ದಿವೆ. ಗಿರಣಿ, ಕಾರ್ಖಾನೆಗಳ ನೌಕರರಿಗೆ ಇಎಸ್‌ಐ ಎಂಬ ಆಸರೆಯಾದರೂ ಇರುತ್ತದೆ. ಆದರೆ ಇಲ್ಲಿಯೂ ಪಕ್ಕದ ಕಾಟನ್‌ಪೇಟೆ, ಅಕ್ಕಿಪೇಟೆ, ಚಿಕ್ಕಪೇಟೆಗಳಲ್ಲಿಯೂ ಸ್ವಂತ ಅಂಗಡಿ, ಗೋದಾಮು, ಸಣ್ಣ ವ್ಯಾಪಾರ ನಂಬಿ ಬದುಕುವ ನಮ್ಮ ಸಮಾಜದ ಕುಟುಂಬಗಳಿಗೆ ಮಾಲೀಕರೂ ತಾವೇ, ನೌಕರರೂ ತಾವೇ. ಕಾಯಿಲೆ ಬಂದರೆ ಖರ್ಚು ಹೋಗುವುದು ಅಂಗಡಿಯ ಬಂಡವಾಳದಿಂದ. ಹೃದಯಕ್ಕೆ ಸ್ಟೆಂಟ್ ಹಾಕಿಸಿದ ವರ್ಷ ದೀಪಾವಳಿಗೆ ಹೊಸ ಸರಕು ತರಿಸಲಾಗದ ಅಂಗಡಿಗಳು ಪೇಟೆಯಲ್ಲಿ ಅಪರೂಪವೇನಲ್ಲ.

ಆರೋಗ್ಯ ವಿಮೆಯ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ "ಯಾವ ಕಂಪನಿ ಒಳ್ಳೆಯದು?" ಎಂಬುದು. ಅದಕ್ಕಿಂತ ಮೊದಲು ಕೇಳಬೇಕಾದದ್ದು "ಯಾರಿಗಾಗಿ?" ಎಂದು. ಒಂದೇ ಮನೆಯಲ್ಲಿ 71ರ ಅಜ್ಜಿಗೂ 27ರ ಚಿಕ್ಕಪ್ಪನಿಗೂ 9ರ ಹುಡುಗಿಗೂ ಬೇಕಾದ ವಿಮೆ ಬೇರೆ ಬೇರೆ. ಎಲ್ಲರನ್ನೂ ಒಂದೇ ಪಾಲಿಸಿಯಲ್ಲಿ ಕಟ್ಟಿಹಾಕಿದರೆ ಹಣ ಹೆಚ್ಚು ಹೋಗುತ್ತದೆ, ರಕ್ಷಣೆ ಕಡಿಮೆಯಾಗುತ್ತದೆ.

ಮೊದಲು ಮನೆಯಲ್ಲಿ ಇರುವುದನ್ನು ಎಣಿಸಿ

ಹೊಸ ಪಾಲಿಸಿ ಕೊಳ್ಳುವ ಮುನ್ನ ಈಗಾಗಲೇ ಏನಿದೆ ಎಂದು ನೋಡಿ. ಮನೆಯಲ್ಲಿ ಯಾರಾದರೂ ತಿಂಗಳಿಗೆ 21,000 ರೂಪಾಯಿಯೊಳಗಿನ ಸಂಬಳದ ಕೆಲಸದಲ್ಲಿದ್ದು, ಅವರ ಸಂಸ್ಥೆ ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ ಅವರಿಗೂ ಅವರ ಅವಲಂಬಿತರಿಗೂ ಅದು ಸಿಗುತ್ತದೆ. ನೌಕರನ ಪಾಲು ಸಂಬಳದ ಶೇ. 0.75, ಮಾಲೀಕನದು ಶೇ. 3.25. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಬಿನ್ನಿಪೇಟೆಗೆ ದೂರವೇನಲ್ಲ. ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿ ಮಾಲೀಕರು ಇದನ್ನು ಮಾಡಿಸುವುದು ಉಪಕಾರವಲ್ಲ, ಕಾನೂನು.

ರಾಜ್ಯದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಚಿಕಿತ್ಸೆಗಳನ್ನು ಬಿಟ್ಟರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಎಪಿಎಲ್ ಕಾರ್ಡಿನವರು ಇದನ್ನೇ ನೆಚ್ಚಿ ಖಾಸಗಿ ವಿಮೆ ಬಿಡುವುದು ಸರಿಯಲ್ಲ. ಆದರೆ ಕಾರ್ಡ್ ಮಾಡಿಸದೆ ಇರುವುದೂ ಸರಿಯಲ್ಲ.

ಊರಿನ ಕಡೆ ಸಹಕಾರ ಸಂಘದ ಸದಸ್ಯತ್ವ ಉಳಿಸಿಕೊಂಡವರು ಯಶಸ್ವಿನಿಯನ್ನು ಮರೆಯಬಾರದು. 2018ರಲ್ಲಿ ನಿಂತಿದ್ದ ಆ ಯೋಜನೆ 2023ರ ಜನವರಿಯಿಂದ ಮತ್ತೆ ನಡೆಯುತ್ತಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘಗಳಲ್ಲಿ ಇರುವವರಿಗೆ 2004ರಲ್ಲಿ ಆರಂಭವಾದ ಸಂಪೂರ್ಣ ಸುರಕ್ಷಾ ಗೊತ್ತೇ ಇದೆ. ಗ್ರಾಮೀಣ ಮನೆಗಳಿಗೆ ವಿಮೆ ಎಂಬ ಪದವನ್ನೇ ಪರಿಚಯಿಸಿದ ಪ್ರಯತ್ನಗಳಲ್ಲಿ ಅದೂ ಒಂದು. ಇನ್ನು ಕಾರ್ಕಳ, ಮೂಡುಬಿದಿರೆ ಕಡೆಯ ಬಂಧುಗಳ ಕೈಯಲ್ಲಿರುವ ಮಣಿಪಾಲ ಆರೋಗ್ಯ ಕಾರ್ಡ್ ಒಳ್ಳೆಯದೇ, ಆದರೆ ಅದು ರಿಯಾಯಿತಿ ಕಾರ್ಡ್, ವಿಮೆಯಲ್ಲ. ಬಿಲ್ಲಿನಲ್ಲಿ ಒಂದು ಭಾಗ ಕಡಿಮೆಯಾಗುತ್ತದೆ, ಉಳಿದದ್ದನ್ನು ನಾವೇ ಕಟ್ಟಬೇಕು. ಎರಡನ್ನೂ ಒಂದೇ ಎಂದು ತಿಳಿದು ಮೋಸಹೋಗುವವರು ಬಹಳ.

ಅಜ್ಜಿಯನ್ನು ಬೇರೆ ಪಾಲಿಸಿಯಲ್ಲಿ ಇಡಿ

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಯಜಮಾನನಿಗೆ 42, ಪತ್ನಿಗೆ 38, ಮಕ್ಕಳಿಬ್ಬರು, 27ರ ತಮ್ಮ, ಮತ್ತು ಸಕ್ಕರೆ ಕಾಯಿಲೆ, ಬಿಪಿ ಎರಡೂ ಇರುವ 71ರ ತಾಯಿ.

ಫ್ಯಾಮಿಲಿ ಫ್ಲೋಟರ್ ಎಂದರೆ ಎಲ್ಲರಿಗೂ ಸೇರಿ ಒಂದೇ ವಿಮಾ ಮೊತ್ತ. ಅದರ ಪ್ರೀಮಿಯಂ ಅನ್ನು ಸಾಮಾನ್ಯವಾಗಿ ಅದರಲ್ಲಿರುವ ಅತಿ ಹಿರಿಯರ ವಯಸ್ಸಿನ ಮೇಲೆ ಲೆಕ್ಕ ಹಾಕುತ್ತಾರೆ. ತಾಯಿಯನ್ನು ಸೇರಿಸಿದ ಕೂಡಲೇ ಇಡೀ ಪಾಲಿಸಿ 71ರ ವಯಸ್ಸಿನದಾಗುತ್ತದೆ. ಅಷ್ಟೇ ಅಲ್ಲ, ವರ್ಷದ ಮೊದಲಲ್ಲೇ ತಾಯಿಯ ಚಿಕಿತ್ಸೆಗೆ 4 ಲಕ್ಷ ಖರ್ಚಾದರೆ 5 ಲಕ್ಷದ ಪಾಲಿಸಿಯಲ್ಲಿ ಉಳಿದವರಿಗೆ ಮಿಕ್ಕುವುದು 1 ಲಕ್ಷ. ಆದ್ದರಿಂದ ಗಂಡ, ಹೆಂಡತಿ, ಮಕ್ಕಳಿಗೆ ಒಂದು ಫ್ಲೋಟರ್. ತಾಯಿಗೆ ಪ್ರತ್ಯೇಕ ವೈಯಕ್ತಿಕ ಪಾಲಿಸಿ. ಇದರಲ್ಲಿ ಎರಡನೇ ಯೋಚನೆ ಬೇಡ.

ತಮ್ಮನಿಗೆ ಕೆಲಸದ ಕಂಪನಿಯ ಗುಂಪು ವಿಮೆ ಇರಬಹುದು. ಕೆಲಸ ಬಿಟ್ಟ ದಿನ ಅದು ಮುಗಿಯುತ್ತದೆ. 27ರಲ್ಲಿ, ಯಾವ ಕಾಯಿಲೆಯೂ ಇಲ್ಲದಾಗ, ಸ್ವಂತ ಹೆಸರಿನಲ್ಲಿ ಚಿಕ್ಕದೊಂದು ಪಾಲಿಸಿ ಮಾಡಿಸಿದರೆ ಕಾಯುವ ಅವಧಿಗಳೆಲ್ಲ ಆರೋಗ್ಯ ಚೆನ್ನಾಗಿರುವಾಗಲೇ ಕಳೆದುಹೋಗುತ್ತವೆ. ಯೌವನದಲ್ಲಿ ಕಟ್ಟುವ ಪ್ರೀಮಿಯಂನಿಂದ ಸಿಗುವ ನಿಜವಾದ ಲಾಭ ಅದೇ. ಮದುವೆಯಾದ ಮೇಲೆ ಪತ್ನಿಯನ್ನು ಸೇರಿಸಬಹುದು. ಹೆರಿಗೆ ಖರ್ಚು ಬೇಕೆಂದರೆ ಅದಕ್ಕೂ ಕಾಯುವ ಅವಧಿ ಇರುತ್ತದೆ, ಗರ್ಭ ನಿಂತ ಮೇಲೆ ವಿಚಾರಿಸಿ ಪ್ರಯೋಜನವಿಲ್ಲ. ಮದುವೆಯಾಗಿ ಬೇರೆ ಮನೆಗೆ ಹೋದ ಮಗಳು ತವರಿನ ಫ್ಲೋಟರ್‌ನಲ್ಲಿ ಮುಂದುವರಿಯಲಾರಳು. ಅವಳನ್ನು ಹೊರಗೆ ತೆಗೆಯುವಾಗ ಅದೇ ಕಂಪನಿಯಲ್ಲಿ ಅವಳ ಹೆಸರಿಗೆ ಪಾಲಿಸಿ ಮಾಡಿಸಿ, ಕಳೆದ ವರ್ಷಗಳ ಲೆಕ್ಕ ಉಳಿಸಿಕೊಡಲು ಕೇಳಿ.

ಕಾಯಿಲೆ ಮುಚ್ಚಿಡುವ ಸಲಹೆ

ತಾಯಿಯ ಪಾಲಿಸಿ ಮಾಡಿಸುವಾಗ "ಸಕ್ಕರೆ ಕಾಯಿಲೆ ಬರೆಯಬೇಡಿ, ಪ್ರೀಮಿಯಂ ಜಾಸ್ತಿಯಾಗುತ್ತದೆ" ಎನ್ನುವ ಏಜೆಂಟರು ಸಿಗುತ್ತಾರೆ. ಅಂಥವರ ಮಾತು ಕೇಳಲೇಬೇಡಿ. ಆಸ್ಪತ್ರೆಗೆ ಸೇರಿದಾಗ ವೈದ್ಯರು ಕೇಳುವ ಮೊದಲ ಪ್ರಶ್ನೆಯೇ "ಎಷ್ಟು ವರ್ಷದಿಂದ ಶುಗರ್ ಇದೆ?" ಎಂದು. ಉತ್ತರ ಕೇಸ್ ಶೀಟಿನಲ್ಲಿ ದಾಖಲಾಗುತ್ತದೆ, ಆ ಕೇಸ್ ಶೀಟು ಕಂಪನಿಗೆ ಹೋಗುತ್ತದೆ, ಕ್ಲೈಮ್ ತಿರಸ್ಕಾರವಾಗುತ್ತದೆ. ವರ್ಷಗಟ್ಟಲೆ ಕಟ್ಟಿದ ಪ್ರೀಮಿಯಂ ನೀರಿನಲ್ಲಿ ಹೋಮ.

ಹೇಳಿ ಮಾಡಿಸಿದರೆ ಆಗುವ ನಷ್ಟ ಈಗ ಮೊದಲಿನಷ್ಟಿಲ್ಲ. 2024ರ ಏಪ್ರಿಲ್ 1ರಿಂದ ಜಾರಿಯಾದ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ, ಮೊದಲೇ ಇದ್ದ ಕಾಯಿಲೆಗೆ ಕಂಪನಿ ಹೆಚ್ಚೆಂದರೆ 36 ತಿಂಗಳು ಕಾಯಿಸಬಹುದು. ಮೊದಲು ಅದು 48 ತಿಂಗಳಿತ್ತು. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಬದಲಾವಣೆಯಂಥ ಪಟ್ಟಿ ಮಾಡಿದ ಚಿಕಿತ್ಸೆಗಳಿಗೂ ಇದೇ ಮಿತಿ. ಪಾಲಿಸಿ ಸತತ 60 ತಿಂಗಳು ನಡೆದ ಮೇಲೆ, ವಂಚನೆ ಸಾಬೀತಾದ ಹೊರತು, ಮಾಹಿತಿ ಹೇಳಲಿಲ್ಲವೆಂದು ಕ್ಲೈಮ್ ತಳ್ಳಿಹಾಕುವಂತಿಲ್ಲ. 65 ದಾಟಿದವರಿಗೆ ಹೊಸ ಪಾಲಿಸಿಯೇ ಇಲ್ಲ ಎಂಬ ಸ್ಥಿತಿಯೂ ಈಗಿಲ್ಲ. 60 ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚಿಸಬೇಕಾದರೆ ಕಂಪನಿ ಪ್ರಾಧಿಕಾರದೊಡನೆ ಸಮಾಲೋಚಿಸಬೇಕೆಂದು 2025ರ ಜನವರಿಯಲ್ಲಿ ಆದೇಶವಾಗಿದೆ.

ಹಿರಿಯರ ಪಾಲಿಸಿಗಳಲ್ಲಿ ಸಹಪಾವತಿ ಎಂಬ ಷರತ್ತು ಸಾಮಾನ್ಯ. ಶೇ. 20 ಸಹಪಾವತಿ ಎಂದರೆ 3 ಲಕ್ಷದ ಬಿಲ್ಲಿನಲ್ಲಿ 60,000 ನಮ್ಮ ಕೈಯಿಂದ. ಹಾಗಿದ್ದರೂ ಪಾಲಿಸಿ ಬೇಡವೆನ್ನಬೇಕಿಲ್ಲ, ಆ 60,000ವನ್ನು ತಾಯಿಯ ಹೆಸರಿನಲ್ಲಿ ಠೇವಣಿಯಾಗಿ ಇಟ್ಟುಬಿಡಿ. ಯಾವ ಕಂಪನಿಯೂ ಒಪ್ಪದಷ್ಟು ಕಾಯಿಲೆಗಳಿದ್ದರೆ, ಪ್ರೀಮಿಯಂಗೆ ಹೋಗಬೇಕಿದ್ದ ಹಣವನ್ನೇ ಪ್ರತಿ ವರ್ಷ ಅದೇ ಠೇವಣಿಗೆ ಸೇರಿಸುವುದು ಜಾಣತನ.

ಕೊಠಡಿ ಬಾಡಿಗೆಯ ಗಂಟು

ಅಗ್ಗದ ಪಾಲಿಸಿ ಏಕೆ ಅಗ್ಗ ಎಂಬುದಕ್ಕೆ ಹಲವು ಸಲ ಉತ್ತರ ಇಲ್ಲಿರುತ್ತದೆ. 5 ಲಕ್ಷದ ಪಾಲಿಸಿಯಲ್ಲಿ ಕೊಠಡಿ ಬಾಡಿಗೆ ಶೇ. 1 ಎಂದಿದ್ದರೆ ದಿನಕ್ಕೆ 5,000. ರೋಗಿ 8,000 ರೂಪಾಯಿ ಕೊಠಡಿಯಲ್ಲಿ ನಾಲ್ಕು ದಿನ ಇದ್ದರೆಂದು ಇಟ್ಟುಕೊಳ್ಳಿ. ವ್ಯತ್ಯಾಸ ದಿನಕ್ಕೆ 3,000, ನಾಲ್ಕು ದಿನಕ್ಕೆ 12,000 ತಾನೇ ಎಂದು ಮನೆಯವರು ಭಾವಿಸುತ್ತಾರೆ. ಆದರೆ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿ, ಶುಶ್ರೂಷೆಯಂಥ ಖರ್ಚುಗಳನ್ನೂ ಕಂಪನಿ ಅದೇ ಅನುಪಾತದಲ್ಲಿ, ಅಂದರೆ ಎಂಟರಲ್ಲಿ ಐದು ಪಾಲಿಗೆ ಇಳಿಸಬಹುದು. ಆ ಖರ್ಚು 1,20,000 ಆಗಿದ್ದರೆ ಸಿಗುವುದು 75,000. ಔಷಧ, ಪರೀಕ್ಷೆ, ದೇಹದೊಳಗೆ ಅಳವಡಿಸುವ ಸಾಧನಗಳಿಗೆ ಈ ಕಡಿತವಿಲ್ಲ, ಅವು 60,000 ಆಗಿದ್ದರೆ ಪೂರ್ತಿ ಸಿಗುತ್ತದೆ. ಒಟ್ಟು ಬಿಲ್ಲು 2,12,000. ಕಂಪನಿ ಕೊಡುವುದು 1,55,000. ಮನೆಯವರು ಕಟ್ಟಬೇಕಾದದ್ದು 57,000. ಬಂಧುಗಳು ನೋಡಲು ಬರುತ್ತಾರೆಂದು ದೊಡ್ಡ ಕೊಠಡಿ ಹಿಡಿಯುವ ಮುನ್ನ ಈ ಲೆಕ್ಕ ನೆನಪಿರಲಿ. ಕೊಠಡಿ ಮಿತಿ ಇಲ್ಲದ ಪಾಲಿಸಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ತಪ್ಪಿಲ್ಲ.

ತೀರಾ ಕಡಿಮೆ ಖರ್ಚಿನಲ್ಲಿ ಆಗಬೇಕೆನ್ನುವವರಿಗೆ 2020ರ ಏಪ್ರಿಲ್ 1ರಿಂದ ಬಂದ ಆರೋಗ್ಯ ಸಂಜೀವನಿ ಇದೆ. ಇದರ ಷರತ್ತುಗಳನ್ನು ಬರೆದದ್ದು ಪ್ರಾಧಿಕಾರವೇ, ಹೀಗಾಗಿ ಯಾವ ಕಂಪನಿಯಲ್ಲಿ ಕೊಂಡರೂ ಒಂದೇ. ಶೇ. 5 ಸಹಪಾವತಿ, ಕೊಠಡಿಗೆ ವಿಮಾ ಮೊತ್ತದ ಶೇ. 2, ದಿನಕ್ಕೆ ಗರಿಷ್ಠ 5,000. ಕಣ್ಣಿನ ಪೊರೆಗೆ ಒಂದು ಕಣ್ಣಿಗೆ ಮೊತ್ತದ ಶೇ. 25 ಅಥವಾ 40,000, ಯಾವುದು ಕಡಿಮೆಯೋ ಅದು. ಷರತ್ತು ಒಂದೇ ಆದರೂ ಪ್ರೀಮಿಯಂ ಕಂಪನಿಯಿಂದ ಕಂಪನಿಗೆ ಬೇರೆ. ಇಲ್ಲಿ ಹೋಲಿಸಬೇಕಾದದ್ದು ಬೆಲೆ, ಹತ್ತಿರದ ಆಸ್ಪತ್ರೆಗಳ ಪಟ್ಟಿ ಮತ್ತು ಕ್ಲೈಮ್ ಸೇವೆ, ಇಷ್ಟೇ.

ಆಸ್ಪತ್ರೆ ಪಟ್ಟಿಯ ವಿಷಯದಲ್ಲಿ ಒಂದು ಮಾತು. ದೇಶದಲ್ಲಿ ಸಾವಿರಾರು ಆಸ್ಪತ್ರೆ ಎಂಬ ಜಾಹೀರಾತು ನೋಡಬೇಡಿ. ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ನೀವು ಹೋಗುವ ಎರಡು-ಮೂರು ಆಸ್ಪತ್ರೆ ಯಾವುವು, ಅವು ಪಟ್ಟಿಯಲ್ಲಿವೆಯೇ, ಅಷ್ಟು ನೋಡಿ. ವಸಂತನಗರದ ಭಗವಾನ್ ಮಹಾವೀರ ಜೈನ್ ಆಸ್ಪತ್ರೆಯನ್ನೇ ನೆಚ್ಚಿಕೊಂಡವರು ಅದರ ಹೆಸರನ್ನೂ ಹುಡುಕಿ. ಪಟ್ಟಿಗಳು ಬದಲಾಗುತ್ತಿರುತ್ತವೆ, ಆಸ್ಪತ್ರೆಯ ವಿಮಾ ಕೌಂಟರಿಗೆ ಫೋನ್ ಮಾಡಿ ಕೇಳುವುದೇ ಖಚಿತ.

ಮೊತ್ತ ಹೆಚ್ಚಿಸಲು ಅಗ್ಗದ ದಾರಿ

ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ದೊಡ್ಡ ಕಾಯಿಲೆಗೆ 5 ಲಕ್ಷ ಸಾಲದು. ಹಾಗೆಂದು 20 ಲಕ್ಷದ ಮೂಲ ಪಾಲಿಸಿಯೇ ಬೇಕಿಲ್ಲ. 5 ಲಕ್ಷದ ಮೂಲ ಪಾಲಿಸಿಯ ಮೇಲೆ 15 ಲಕ್ಷದ ಸೂಪರ್ ಟಾಪ್‌ಅಪ್ ಹಾಕಿಸಿದರೆ ಸಾಮಾನ್ಯವಾಗಿ ಕಡಿಮೆಯಲ್ಲಿ ಮುಗಿಯುತ್ತದೆ. ಬರಿಯ ಟಾಪ್‌ಅಪ್ ಬೇಡ, "ಸೂಪರ್" ಇರಲಿ. ಒಂದೇ ವರ್ಷದಲ್ಲಿ 4 ಲಕ್ಷ, 3 ಲಕ್ಷ ಎಂದು ಎರಡು ಸಲ ಬಿಲ್ಲಾದರೆ ಟಾಪ್‌ಅಪ್ ಒಂದು ರೂಪಾಯಿಯನ್ನೂ ಕೊಡುವುದಿಲ್ಲ, ಏಕೆಂದರೆ ಯಾವ ಬಿಲ್ಲೂ ತಾನಾಗಿ 5 ಲಕ್ಷ ದಾಟಲಿಲ್ಲ. ಸೂಪರ್ ಟಾಪ್‌ಅಪ್ ವರ್ಷದ ಒಟ್ಟು 7 ಲಕ್ಷವನ್ನು ನೋಡಿ ಉಳಿದ 2 ಲಕ್ಷ ಕೊಡುತ್ತದೆ.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಫ್ಲೋಟರ್ ಆರೋಗ್ಯ ಪಾಲಿಸಿಗಳಿಗೆ ಜಿಎಸ್‌ಟಿ ಇಲ್ಲ. ಮೊದಲು 20,000ದ ಪ್ರೀಮಿಯಂಗೆ ಶೇ. 18 ಸೇರಿ 23,600 ಆಗುತ್ತಿತ್ತು. ಗುಂಪು ಪಾಲಿಸಿಗಳಿಗೆ ಈ ವಿನಾಯಿತಿ ಸಿಕ್ಕಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಸ್ವಂತ ಕುಟುಂಬದ ಪ್ರೀಮಿಯಂಗೆ 25,000, ಹಿರಿಯ ನಾಗರಿಕ ತಂದೆ-ತಾಯಿಯ ಪ್ರೀಮಿಯಂಗೆ ಇನ್ನೂ 50,000ದವರೆಗೆ ಆದಾಯದಲ್ಲಿ ಕಡಿತ ಪಡೆಯಬಹುದು, ಆದರೆ ನಗದಾಗಿ ಕಟ್ಟಿರಬಾರದು. ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ನೋಟು ತೆಗೆದು ಏಜೆಂಟರ ಕೈಗೆ ಕೊಡುವ ಅಭ್ಯಾಸವಿರುವವರು ಗಮನಿಸಿ.

ಸಮಾಜದ ಸಂಘಗಳು ನಡೆಸುವ ಗುಂಪು ವಿಮೆಯ ಬಗ್ಗೆ ಓದುಗರು ಕೇಳುತ್ತಿರುತ್ತಾರೆ. ವಯಸ್ಸಾದವರಿಗೆ, ಕಾಯಿಲೆ ಇರುವವರಿಗೆ ಅವು ನಿಜಕ್ಕೂ ಅನುಕೂಲ, ಕಾಯುವ ಅವಧಿ ಇಲ್ಲದೆಯೂ ಸಿಗಬಹುದು. ಆದರೆ ಪಾಲಿಸಿ ಇರುವುದು ಸಂಘದ ಹೆಸರಿನಲ್ಲಿ, ನಿಮ್ಮ ಕೈಯಲ್ಲಿರುವುದು ಪ್ರಮಾಣಪತ್ರ ಮಾತ್ರ. ಕ್ಲೈಮ್‌ಗಳು ಹೆಚ್ಚಾದ ವರ್ಷದ ಮರುವರ್ಷ ಪ್ರೀಮಿಯಂ ಏರಬಹುದು, ಯೋಜನೆಯೇ ನಿಲ್ಲಬಹುದು. ಆಗ 71ರ ತಾಯಿ 74 ಆಗಿರುತ್ತಾರೆ. ಗುಂಪು ವಿಮೆಯನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳಿ, ಅದನ್ನು ನಂಬಿ ಸ್ವಂತ ಪಾಲಿಸಿ ಬಿಡಬೇಡಿ.

ಪಾಲಿಸಿ ಕೈಗೆ ಬಂದ ಮೇಲೆ

ಪತ್ರ ತಲುಪಿದ 30 ದಿನದೊಳಗೆ ಓದಿ, ಒಪ್ಪಿಗೆಯಾಗದಿದ್ದರೆ ಹಿಂತಿರುಗಿಸಬಹುದು. ಹೆಸರು, ಜನ್ಮದಿನಾಂಕ, ಬರೆಸಿದ ಕಾಯಿಲೆಗಳು ಸರಿಯಾಗಿವೆಯೇ ನೋಡಿ. ಅಪಘಾತದ ಹೊರತು ಮೊದಲ 30 ದಿನ ಕ್ಲೈಮ್ ಇರುವುದಿಲ್ಲ. ಕಂಪನಿ ಬದಲಿಸಬೇಕೆಂದರೆ ನವೀಕರಣದ ದಿನಕ್ಕೆ ಒಂದೂವರೆ ತಿಂಗಳು ಮೊದಲೇ ಪೋರ್ಟ್ ಮಾಡಲು ಅರ್ಜಿ ಹಾಕಿ, ಕಳೆದ ಕಾಯುವ ಅವಧಿ ಹೊಸ ಕಂಪನಿಯಲ್ಲೂ ಲೆಕ್ಕಕ್ಕೆ ಬರುತ್ತದೆ. ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯಲ್ಲಿ, ಬಿಡುಗಡೆಯ ಅಂತಿಮ ಬಿಲ್ಲಿಗೆ ಮೂರು ಗಂಟೆಯಲ್ಲಿ ಕಂಪನಿ ಉತ್ತರಿಸಬೇಕೆಂದು ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಹೇಳಿದೆ. ತಡವಾಗಿ ಆಸ್ಪತ್ರೆಯ ಬಾಡಿಗೆ ಏರಿದರೆ ಹೆಚ್ಚಿನದನ್ನು ಕಂಪನಿಯೇ ಭರಿಸಬೇಕು.

ಕ್ಲೈಮ್ ತಿರಸ್ಕಾರವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲೂ 155255 ಸಂಖ್ಯೆಯಲ್ಲೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದ ಕಚೇರಿ ಜೆ.ಪಿ. ನಗರ 1ನೇ ಹಂತದ ಜೀವನ್ ಸೌಧದಲ್ಲಿದೆ. 50 ಲಕ್ಷ ರೂಪಾಯಿವರೆಗಿನ ವಿವಾದಗಳನ್ನು ಕೇಳುತ್ತಾರೆ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕಂಪನಿಯ ತಿರಸ್ಕಾರ ಬಂದ ಒಂದು ವರ್ಷದೊಳಗೆ ದೂರು ಕೊಡಬೇಕು. ಪಾಲಿಸಿ ಪ್ರತಿ, ತಿರಸ್ಕಾರ ಪತ್ರ, ಡಿಸ್ಚಾರ್ಜ್ ಸಾರಾಂಶ, ಬಿಲ್ಲುಗಳು, ನೀವು ಕಂಪನಿಗೆ ಬರೆದ ಪತ್ರ ಇವಿಷ್ಟು ಜೊತೆಗಿರಲಿ.